ಹಾಬ್ಸನ್ಸ್ ಚಾಯ್ಸ್: ಮ್ಯಾಗಿ ಹುಡುಕಿದ್ದು ಗಂಡನನ್ನಾ, ಪಾಲುದಾರನನ್ನಾ?

ರಂಗಹುಚ್ಚು
ಎಲ್ಲರಿಗೂ ನಮಸ್ಕಾರ. ನಾವು ಎಂಟು ಜನ ತಿಂಗಳಿಗೊಂದು ನಾಟಕ ಓದುತ್ತೇವೆ. ಪ್ರದರ್ಶನ ಏನಿಲ್ಲ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದು, ಆಮೇಲೆ ಕಾಫಿ, ಆಮೇಲೆ ಜಗಳ. ಈ ತಿಂಗಳು ಹೆರಾಲ್ಡ್ ಬ್ರಿಗ್‌ಹೌಸ್ ಬರೆದ 'ಹಾಬ್ಸನ್ಸ್ ಚಾಯ್ಸ್' ಓದಿದೆವು. ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಓದದವರಿಗೆ ಕಥೆ ಚುಟುಕಾಗಿ. 1880, ಇಂಗ್ಲೆಂಡಿನ ಸಾಲ್ಫರ್ಡ್. ಚಾಪೆಲ್ ಸ್ಟ್ರೀಟಿನಲ್ಲಿ ಹೆನ್ರಿ ಹೊರೇಷಿಯೊ ಹಾಬ್ಸನ್‌ನ ಬೂಟಿನ ಅಂಗಡಿ. ಹೆಂಡತಿ ಇಲ್ಲ, ಮೂವರು ಹೆಣ್ಣುಮಕ್ಕಳು. ಅಂಗಡಿ ನಡೆಸುವುದೆಲ್ಲ ಅವರೇ, ಸಂಬಳ ಸೊನ್ನೆ. ಅಪ್ಪ ಹೊತ್ತು ಕಳೆಯುವುದು ಮೂನ್‌ರೇಕರ್ಸ್ ಅನ್ನುವ ಹೆಂಡದಂಗಡಿಯಲ್ಲಿ. ದೊಡ್ಡವಳು ಮ್ಯಾಗಿ, ವಯಸ್ಸು 30. ಚಿಕ್ಕವರು ಆಲಿಸ್, ವಿಕಿ. 'ನಿನಗಿನ್ನು ಮದುವೆ ವಯಸ್ಸು ದಾಟಿತು' ಅಂತ ಅಪ್ಪ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಅವಳು ಅದೇ ದಿನ ಅಂಗಡಿಯ ನೆಲಮಾಳಿಗೆಯಲ್ಲಿ ಬೂಟು ಹೊಲಿಯುವ ವಿಲ್ಲಿ ಮಾಸಪ್‌ನನ್ನ ಮೇಲೆ ಕರೆದು, ನಾವಿಬ್ಬರೂ ಮದುವೆ ಆಗೋಣ ಅನ್ನುತ್ತಾಳೆ. ನನ್ನ ತಲೆ, ನಿನ್ನ ಕೈ, ಸೇರಿದರೆ ಒಳ್ಳೆ ಪಾಲುದಾರಿಕೆ ಅಂತ.

ನಮ್ಮ ಗುಂಪಿನಲ್ಲಿ ಅರ್ಧ ಜನ ಹೇಳುವುದು, ಇದು ಶುದ್ಧ ವ್ಯಾಪಾರ, ಒಳ್ಳೆ ಕೆಲಸಗಾರನನ್ನ ಬೇರೆಯವರು ಎಗರಿಸುವ ಮೊದಲು ತಾನೇ ಕಟ್ಟಿಕೊಂಡಳು. ಇನ್ನರ್ಧ ಜನ, ಇಲ್ಲ ಪ್ರೀತಿಯೇ, ಆದರೆ ಅವಳಿಗೆ ಬರುತ್ತಿದ್ದುದು ಅಂಗಡಿ ಭಾಷೆ ಮಾತ್ರ ಅಂತ. ನಾನು ಮೊದಲನೇ ಪಕ್ಷ. ನೀವು?

ಒಗ್ಗರಣೆ
ಕಟ್ಟಿಕೊಂಡಳು ಅಲ್ಲ ಗುರು, ಹೊತ್ತುಕೊಂಡು ಹೋದಳು.

ಹಳೇಸಿನಿಮಾ_ಪ್ರೇಮಿ
1954ರ ಡೇವಿಡ್ ಲೀನ್ ಸಿನಿಮಾ ನೋಡಿ. ಚಾರ್ಲ್ಸ್ ಲಾಟನ್ ಹಾಬ್ಸನ್, ಜಾನ್ ಮಿಲ್ಸ್ ವಿಲ್ಲಿ, ಬ್ರೆಂಡಾ ಡಿ ಬಾಂಜಿ ಮ್ಯಾಗಿ. ಆ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂತು. ಕುಡಿದ ಹಾಬ್ಸನ್ ರಸ್ತೆ ಮೇಲೆ ನಿಂತ ಮಳೆನೀರಲ್ಲಿ ಚಂದ್ರನನ್ನ ನೋಡುತ್ತಾನೆ. ಕಾಲಿಡುತ್ತಾನೆ, ಚಂದ್ರ ಮಾಯ. ಪಕ್ಕದ ಗುಂಡಿಯಲ್ಲಿ ಮತ್ತೆ ಚಂದ್ರ. ಅಬ್ಬಾ, ಆ ದೃಶ್ಯ! ಅದನ್ನ ನೀವು ಕೂತು ಹೇಗೆ ಓದಿದಿರೋ ಗೊತ್ತಾಗಲಿಲ್ಲ.

ಪರದೆ_ಹಿಂದಿನವ
ಓದುವುದಕ್ಕೆ ಅದು ನಾಟಕದಲ್ಲಿ ಇದ್ದರೆ ತಾನೇ? ಚಂದ್ರನ ದೃಶ್ಯ ಸಿನಿಮಾದವರು ಸೇರಿಸಿದ್ದು. ನಾಟಕದಲ್ಲಿ ಹಾಬ್ಸನ್ ಕುಡಿದು ಬೀಳುವುದು ರಂಗದ ಮೇಲೆ ಕಾಣುವುದೇ ಇಲ್ಲ, ಬಿದ್ದ ಸುದ್ದಿ ಮಾತ್ರ ಬರುತ್ತದೆ. ವಿಲ್ಲಿ ಪಾತ್ರಕ್ಕೂ ಮೊದಲು ಗೊತ್ತಾಗಿದ್ದವನು ರಾಬರ್ಟ್ ಡೋನಟ್. ಅವನಿಗೆ ಉಬ್ಬಸ ಜಾಸ್ತಿಯಾಗಿ ಬಿಟ್ಟ ಮೇಲೆ ಮಿಲ್ಸ್ ಬಂದ.

ಹಳೇಸಿನಿಮಾ_ಪ್ರೇಮಿ
ಹೌದಾ! ಹಾಗಾದರೆ ನಾಟಕಕ್ಕಿಂತ ಸಿನಿಮಾನೇ ಮೇಲು ಬಿಡಿ.

ಪರದೆ_ಹಿಂದಿನವ
ಒಪ್ಪಲ್ಲ. ಸಿನಿಮಾದಲ್ಲಿ ಲಾಟನ್ ಎಷ್ಟು ಜಾಗ ತುಂಬಿಕೊಳ್ಳುತ್ತಾನೆ ಅಂದರೆ ಅದು ಅಪ್ಪನ ಕಥೆ ಆಗಿಬಿಡುತ್ತದೆ. ನಾಟಕ ಮಗಳದ್ದು.

ವಕೀಲರ_ಕೋಟು
ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 'ಹಾಬ್ಸನ್ಸ್ ಚಾಯ್ಸ್' ಅನ್ನುವ ಮಾತು ನಾವು ಕೋರ್ಟಿನಲ್ಲಿ ಆಗಾಗ ಕೇಳುತ್ತೇವೆ. ಹೋದ ವಾರ ಎದುರು ಪಕ್ಷದ ವಕೀಲರು 'ನನ್ನ ಕಕ್ಷಿದಾರರದು ಹಾಬ್ಸನ್ಸ್ ಚಾಯ್ಸ್, ಅತ್ತ ದರಿ ಇತ್ತ ಪುಲಿ' ಅಂದರು. ಇದು ಈ ನಾಟಕದಿಂದ ಬಂದಿದ್ದಾ?

ಇರ್ವೆಲ್_ದಂಡೆ
ಅಲ್ಲ ಸರ್, ಉಲ್ಟಾ. ಮಾತು ಹಳೆಯದು, ನಾಟಕದವನು ಅದನ್ನ ಹೆಸರಿಗೆ ಎತ್ತಿಕೊಂಡ. ಕೇಂಬ್ರಿಜ್‌ನಲ್ಲಿ ಥಾಮಸ್ ಹಾಬ್ಸನ್ ಅಂತ ಒಬ್ಬನಿದ್ದ, 1544ರಿಂದ 1631. ಸರಕು ಸಾಗಿಸುತ್ತಿದ್ದ, ಕುದುರೆ ಬಾಡಿಗೆಗೆ ಕೊಡುತ್ತಿದ್ದ. ಹುಡುಗರು ಬಂದು ಒಳ್ಳೆ ಕುದುರೆಯನ್ನೇ ದಿನಾ ಕೇಳಿ ಅದನ್ನ ಸುಸ್ತು ಹೊಡೆಸುತ್ತಿದ್ದರಂತೆ. ಇವನು ನಿಯಮ ಮಾಡಿದ. ಲಾಯದ ಬಾಗಿಲ ಹತ್ತಿರ ಯಾವ ಕುದುರೆ ನಿಂತಿದೆಯೋ ಅದು. ಬೇಡವಾ, ನಡೆದುಕೊಂಡು ಹೋಗು. ಅವನು ಸತ್ತಾಗ ಕವಿ ಮಿಲ್ಟನ್ ಅವನ ಮೇಲೆ ಪದ್ಯ ಬರೆದಿದ್ದಾನೆ.

ನಾಟಕದಲ್ಲಿ ಹೆಸರಿನ ತಮಾಷೆ ಏನು ಅಂದರೆ, ಊರಿಗೆಲ್ಲ 'ನಾನು ಹೇಳಿದ್ದೇ ಆಗಬೇಕು' ಅನ್ನುವ ಹಾಬ್ಸನ್‌ಗೇ ಕೊನೆಗೆ ಬಾಗಿಲ ಹತ್ತಿರದ ಒಂದೇ ಕುದುರೆ ಉಳಿಯುತ್ತದೆ.

ವಕೀಲರ_ಕೋಟು
ಅಂದರೆ 'ಅತ್ತ ದರಿ ಇತ್ತ ಪುಲಿ' ತಪ್ಪು! ಅದರಲ್ಲಿ ಎರಡು ದಾರಿ ಇವೆ, ಎರಡೂ ಕೆಟ್ಟವು. ಇದರಲ್ಲಿ ಇರುವುದೇ ಒಂದು. 'ಬೇಕಾದ್ರೆ ತಗೋ, ಬೇಡಾದ್ರೆ ಬಿಡು' ಅನ್ನುವುದು ಸರಿ. ಮುಂದಿನ ವಾಯಿದೆಗೆ ಕಾಯುತ್ತಿದ್ದೇನೆ.

ಒಗ್ಗರಣೆ
ಹಾಸ್ಟೆಲ್ ಮೆಸ್ಸಿನ ಉಪ್ಪಿಟ್ಟು. ಅದು ಹಾಬ್ಸನ್ಸ್ ಚಾಯ್ಸ್.

ಅಂಗಡಿಮನೆ_ಮಗಳು
ಪ್ರಶ್ನೆಗೆ ವಾಪಸ್ ಬರೋಣ. ನಾನು ಇದನ್ನ ಬೇರೆ ಥರ ನೋಡುತ್ತೇನೆ, ಕಾರಣ ಹೇಳುತ್ತೇನೆ.

ನಮ್ಮದು ತಾಲ್ಲೂಕು ಕೇಂದ್ರದಲ್ಲಿ ಬಟ್ಟೆ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಗಲ್ಲದ ಹಿಂದೆ ಕೂತವಳು ಮದುವೆ ಆಗುವ ತನಕ ಏಳಲಿಲ್ಲ. ಹನ್ನೊಂದು ವರ್ಷ. ರೋಕಡ ನಾನೇ ಬರೆಯುತ್ತಿದ್ದೆ. ಯಾವ ಮನೆಯವರು ಯುಗಾದಿಗೆ ಸಾಲ ಹೇಳುತ್ತಾರೆ, ಯಾರು ದೀಪಾವಳಿಗೆ ತೀರಿಸುತ್ತಾರೆ ಎಲ್ಲ ನನ್ನ ತಲೆಯಲ್ಲಿ. ಸಂಬಳ? 'ನಿಂದೇ ಅಂಗಡಿ ಅಲ್ವೇನೇ' ಅನ್ನುತ್ತಿದ್ದರು ಅಪ್ಪ. ಬೋರ್ಡಿನ ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ 'ಅಂಡ್ ಸನ್ಸ್'. ಆಗ ಇದ್ದ ಒಬ್ಬನೇ ಸನ್ನು ನಾಲ್ಕನೇ ಕ್ಲಾಸು.

ಅದಕ್ಕೇ ಮೊದಲ ಅಂಕದ ಒಂದು ಸಣ್ಣ ಜಾಗ ನನಗೆ ಮರೆಯಲ್ಲ. ವಕೀಲ ಆಲ್ಬರ್ಟ್ ಪ್ರಾಸರ್ ಆಲಿಸ್‌ಳನ್ನ ನೋಡೋಕೆ ಅಂಗಡಿಗೆ ಬರುತ್ತಾನೆ. ಸುಮ್ನೆ ಅದೂ ಇದೂ ಮಾತಾಡಿ ಹೋಗುವ ಪ್ಲಾನು. ಮ್ಯಾಗಿ ಬಿಡುತ್ತಾಳಾ? ಕೂರಿಸಿ, ಕಾಲಲ್ಲಿದ್ದ ಬೂಟು ಬಿಚ್ಚಿಸಿ, ಹೊಸ ಜೋಡಿ ತೊಡಿಸಿ, ದುಡ್ಡು ಎಣಿಸಿಕೊಂಡೇ ಕಳಿಸುತ್ತಾಳೆ. ಓದುತ್ತಾ ನಗು ಬಂತು, ಹಿಂದೆಯೇ ಹೊಟ್ಟೆ ಉರಿಯಿತು. ಇಷ್ಟು ಕೆಲಸ ಗೊತ್ತಿರುವವಳಿಗೆ ಒಂದು ಪೆನ್ನಿ ಸಂಬಳ ಇಲ್ಲ. ಅವಳು ವಿಲ್ಲಿಯನ್ನ ಕೇಳಿದ್ದು ಪ್ರೀತಿಗೂ ಅಲ್ಲ, ವ್ಯಾಪಾರಕ್ಕೂ ಅಲ್ಲ. ತನ್ನ ದುಡಿಮೆಗೆ ಲೆಕ್ಕ ಇರುವ ಒಂದು ಜಾಗ ಬೇಕಿತ್ತು, ಅಷ್ಟೇ.

ರಂಗಹುಚ್ಚು
ಅಕ್ಕ, ಇದನ್ನ ನಮ್ಮ ಗುಂಪಿನಲ್ಲಿ ಯಾರೂ ಹೇಳಲಿಲ್ಲ. ಮುಂದಿನ ಸಲ ಓದಿ ತೋರಿಸಬಹುದಾ?

ಅಂಗಡಿಮನೆ_ಮಗಳು
ತೋರಿಸಿ. ಊರಿನ ಹೆಸರು ಹೇಗೂ ಹಾಕಿಲ್ಲ.

ಜೋಳದ_ರೊಟ್ಟಿ
ಎಲ್ಲರೂ ಮ್ಯಾಗಿ ಮ್ಯಾಗಿ ಅಂತೀರಲ್ರೀ, ಆ ಹುಡುಗನ ಕಡೆ ಯಾರಾದರೂ ನೋಡಿದಿರೇನು? ವಿಲ್ಲಿಗೆ ಆಗಲೇ ನಿಶ್ಚಯ ಆಗಿತ್ತು. ಅವನು ಬಾಡಿಗೆಗೆ ಇದ್ದ ಮನೆಯ ಹುಡುಗಿ ಏಡಾ ಫಿಗಿನ್ಸ್. ಮ್ಯಾಗಿ ಆ ಹುಡುಗಿಯನ್ನ ಎರಡು ಮಾತಿನಲ್ಲಿ ಅಂಗಡಿಯಿಂದ ಹೊರಗೆ ಕಳಿಸಿದಳು. ಒಬ್ಬ ಗಂಡಸು ಕೆಲಸದಾಕೆಗೆ ಹೀಗೆ ಮಾಡಿದ್ದರೆ ನೀವು ಸುಮ್ಮನೆ ಇರುತ್ತಿದ್ದಿರಾ? ಮಾಲೀಕನ ಮಗಳು ಕೇಳುತ್ತಾಳೆ, ಕೆಲಸದವನು ಒಲ್ಲೆ ಅನ್ನುವುದು ಹೇಗೆ? ಹಾಬ್ಸನ್ಸ್ ಚಾಯ್ಸ್ ಇದ್ದದ್ದು ವಿಲ್ಲಿಗೆ.

ಪರದೆ_ಹಿಂದಿನವ
ಒಳ್ಳೆ ಏಟು. ಆದರೆ ಅವನು ಒಲ್ಲೆ ಅಂತ ಹೇಳಿಯೇ ಹೇಳುತ್ತಾನೆ, ಮುಖ ನೋಡಿಕೊಂಡೇ. ಪ್ರೀತಿ ಇಲ್ಲದೆ ಹೇಗೆ ಅಂತ ಕೇಳುತ್ತಾನೆ. ಮ್ಯಾಗಿ ಅನ್ನುತ್ತಾಳೆ, ನನ್ನ ಹತ್ತಿರ ಪ್ರೀತಿ ಇದೆ. ವಿಲ್ಲಿ ಅನ್ನುತ್ತಾನೆ, ನನ್ನ ಹತ್ತಿರ ಇಲ್ಲ, ಇರುವ ಮಾತು ಹೇಳ್ತಿದ್ದೇನೆ. ಅವಳು, ಪರವಾಗಿಲ್ಲ, ಇಲ್ಲದೆಯೇ ನಡೆಸೋಣ.

ರಂಗಹುಚ್ಚು ಅವರೇ, ಇಲ್ಲಿ ನಿಮ್ಮ ಪಕ್ಷ ಬಿದ್ದುಹೋಯಿತು. 'ನನ್ನ ಹತ್ತಿರ ಪ್ರೀತಿ ಇದೆ' ಅಂತ ಅವಳೇ ಬಾಯಿಬಿಟ್ಟು ಹೇಳಿದ್ದಾಳೆ. ಹೇಳುವ ರೀತಿ ಮಾತ್ರ ಗೋಡೌನಲ್ಲಿ ಸ್ಟಾಕು ಇದೆ ಅಂದ ಹಾಗೆ.

ರಂಗಹುಚ್ಚು
ಆ ಸಾಲು ಓದಿದ್ದು ನಾನೇ ಸರ್. ಮಾರಾಟದ ಮಾತು ಅಂದುಕೊಂಡು ಸರಸರ ಓದಿಬಿಟ್ಟೆ. ಛೇ.

ಒಗ್ಗರಣೆ
ನಿಮ್ಮನ್ನ ಮ್ಯಾಗಿ ಪಾತ್ರಕ್ಕೆ ಹಾಕಿದ್ದು ಯಾರು ಸಾರ್ 😄

ರಂಗಹುಚ್ಚು
ಎಂಟರಲ್ಲಿ ಆರು ಗಂಡಸರು. ಹಾಬ್ಸನ್ಸ್ ಚಾಯ್ಸ್.

ಜೋಳದ_ರೊಟ್ಟಿ
ಸರಿ, ಪ್ರೀತಿ ಅವಳ ಹತ್ತಿರ ಇತ್ತು, ಒಪ್ಪಿದೆ. ಅವನ ಒಪ್ಪಿಗೆ ಎಲ್ಲಿ ಬಂತು? ನನ್ನ ಪ್ರಕಾರ ಬೆಲ್ಟಿನ ಏಟಿಗೆ. ಹಾಬ್ಸನ್ ಸೊಂಟದ ಬೆಲ್ಟು ಬಿಚ್ಚಿ, ನಿನ್ನ ತಲೆಯೊಳಗಿನ ಪ್ರೇಮ ಇಳಿಸ್ತೀನಿ ಅಂತ ಬರುತ್ತಾನೆ. ವಿಲ್ಲಿ ಹೇಳುತ್ತಾನೆ: ನಿನ್ನ ಮಗಳು ನನಗೇನು ಬೇಕಿರಲಿಲ್ಲ, ಬೆನ್ನು ಹತ್ತಿದ್ದು ಅವಳೇ, ಆದರೆ ಆ ಬೆಲ್ಟು ಮೈಗೆ ತಾಗಿದರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತೇನೆ. ಬೆಲ್ಟು ಬೀಳುತ್ತದೆ. ಅವನು ಮ್ಯಾಗಿಗೆ ಅಲ್ಲೇ ಮುತ್ತು ಕೊಡುತ್ತಾನೆ. ಅಲ್ಲಿಯ ತನಕ ನೆಲಮಾಳಿಗೆಯ ಬಾಗಿಲಿಂದ ತಲೆ ಮಾತ್ರ ಹೊರಗೆ ಹಾಕುತ್ತಿದ್ದವನು ಮೊದಲ ಸಲ ಪೂರ್ತಿ ಎದ್ದು ನಿಂತ. ನನಗೆ ನಾಟಕ ಶುರು ಆದದ್ದೇ ಅಲ್ಲಿ.

ಅಂದ ಹಾಗೆ ನಮ್ಮ ಕಡೆ ಚಪ್ಪಲಿ ಹೊಲಿಯುವವರು ಬಹಳ. ಕೊಲ್ಹಾಪುರಿ ಅಂತ ಮಾರುವ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಕಾನೂನು ಮಾನ್ಯತೆ, ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರನೂ ಸೇರಿದವು. ಅಥಣಿಯಲ್ಲಿ ಅಟ್ಟೆಗೆ ಹೊಲಿಗೆ ಹಾಕುವವರ ಬೆರಳು ನೋಡಿದ್ದೇನೆ. ಹೆಸರು ಊರಿನದು, ಲಾಭ ಅಂಗಡಿಯವನದು, ಬೆರಳು ಅವರದು.

ಹಳೇಸಿನಿಮಾ_ಪ್ರೇಮಿ
ಅದಕ್ಕೇ ಮಿಸೆಸ್ ಹೆಪ್‌ವರ್ತ್ ಪಾತ್ರ ನನಗಿಷ್ಟ. ಊರಿನ ದೊಡ್ಡ ಶ್ರೀಮಂತೆ, ಅಂಗಡಿಗೆ ಬಂದು 'ಈ ಬೂಟು ಮಾಡಿದವರು ಯಾರು?' ಅನ್ನುತ್ತಾಳೆ. ಹಾಬ್ಸನ್‌ಗೆ ಜೀವ ಬಾಯಿಗೆ ಬರುತ್ತದೆ. ವಿಲ್ಲಿ ಬೈಗುಳ ತಿನ್ನೋಕೆ ರೆಡಿಯಾಗಿ ಮೇಲೆ ಬಂದರೆ, ಅವಳು ತನ್ನ ಕಾರ್ಡು ಕೊಟ್ಟು ಹೊಗಳುತ್ತಾಳೆ. ಪಾಪ, ಅವನಿಗೆ ಆ ಕಾರ್ಡು ಓದೋಕೂ ಸರಿಯಾಗಿ ಬರಲ್ಲ. ಮುಂದೆ ಅವರ ಅಂಗಡಿಗೆ 100 ಪೌಂಡು ಬಂಡವಾಳ ಕೊಡುವವಳೂ ಅವಳೇ.

ವಕೀಲರ_ಕೋಟು
ಇವತ್ತು ಊಟದ ಬಿಡುವಿನಲ್ಲಿ ನಾಟಕ ಓದಿ ಮುಗಿಸಿದೆ. ನನ್ನ ಮೆಚ್ಚಿನ ಭಾಗ ಕೇಸು. ಹಾಬ್ಸನ್ ಕುಡಿದು ಬರುತ್ತಾ ಬೀನ್‌ಸ್ಟಾಕ್ ಎಂಬ ಧಾನ್ಯದ ವ್ಯಾಪಾರಿಯ ನೆಲಮಾಳಿಗೆಗೆ ತೆರೆದ ಬಾಗಿಲಿನಿಂದ ಬೀಳುತ್ತಾನೆ. ಮೂಟೆಗಳ ಮೇಲೆ ಬಿದ್ದು ಅಲ್ಲೇ ಗೊರಕೆ. ಬೆಳಿಗ್ಗೆ ಎದ್ದರೆ ಮೈಮೇಲೆ ನೋಟಿಸು: ಅತಿಕ್ರಮ ಪ್ರವೇಶ, ಮೂಟೆಗೆ ಹಾನಿ, ಮೇಲಾಗಿ ವ್ಯಾಪಾರದ ಗುಟ್ಟು ತಿಳಿಯೋಕೆ ಬಂದಿದ್ದಾನೆ ಅಂತ ಆರೋಪ! ಕೇಸು ಬರೆದವನು ಆಲಿಸ್‌ಳ ಹುಡುಗ. ಧಾನ್ಯದವನ ಮಗ ಫ್ರೆಡ್ಡಿ ವಿಕಿಯ ಹುಡುಗ. ಸೂತ್ರ ಹಿಡಿದವಳು ಮ್ಯಾಗಿ. ರಾಜಿ ಆಗುವುದು 500 ಪೌಂಡಿಗೆ. ಆ ದುಡ್ಡೇ ತಂಗಿಯರ ಮದುವೆಯ ಗಂಟು.

ಮೊದಲ ಅಂಕದಲ್ಲಿ ಹಾಬ್ಸನ್ ಚಿಕ್ಕವರಿಬ್ಬರಿಗೆ ಮದುವೆ ಮಾಡುತ್ತೇನೆ ಅಂತ ಹೊರಟು, ಅಲ್ಲಿಯ ಪದ್ಧತಿ ಪ್ರಕಾರ ಅಪ್ಪ ದುಡ್ಡು ಇಡಬೇಕು ಅಂತ ಗೊತ್ತಾದ ತಕ್ಷಣ ಮಾತು ಬದಲಿಸುತ್ತಾನೆ. ಕೊಡಲ್ಲ ಅಂದ ದುಡ್ಡನ್ನ ಮಗಳು ಕೋರ್ಟಿನ ಹೆದರಿಕೆ ತೋರಿಸಿ ತೆಗೆಸುತ್ತಾಳೆ. ವೃತ್ತಿ ನೀತಿ ಪ್ರಕಾರ ಆಲ್ಬರ್ಟ್ ಮಾಡಿದ್ದು ಸರಿ ಅಂತ ನಾನಂತೂ ಹೇಳಲ್ಲ. ಆದರೂ ನಕ್ಕು ನಕ್ಕು ಸಾಕಾಯಿತು.

ಜೋಳದ_ರೊಟ್ಟಿ
ನಮ್ಮ ಕಡೆ ಆಗಿದ್ದರೆ ಹಗೇವಿಗೆ ಬಿದ್ದ ಅನ್ನುತ್ತಿದ್ದೆವು. ಹಗೇವಿಗೆ ಬಿದ್ದವನು ಗೊರಕೆ ಹೊಡೆಯಲ್ಲ ಬಿಡ್ರೀ, ಒಳಗೆ ಉಸಿರೇ ಸಿಗಲ್ಲ. ನಮ್ಮ ಅಜ್ಜ ಇಳಿಯುವ ಮೊದಲು ಕಂದೀಲು ಇಳಿಸಿ ನೋಡುತ್ತಿದ್ದ. ದೀಪ ಆರಿದರೆ ಇಳಿಯುವ ಹಾಗಿಲ್ಲ.

ಒಗ್ಗರಣೆ
ಹಗೇವು ಅಂದರೆ?

ಜೋಳದ_ರೊಟ್ಟಿ
ಜೋಳ ತುಂಬಿಡುವ ನೆಲದೊಳಗಿನ ಕಣಜ. ಬೆಂಗಳೂರಿನವರಾ?

ಒಗ್ಗರಣೆ
ಗೊತ್ತಾಗಿಬಿಡ್ತಾ 🙏

ಇರ್ವೆಲ್_ದಂಡೆ
ನಾನು ಮ್ಯಾಂಚೆಸ್ಟರಿನಲ್ಲಿ ಇರುವವನು, ಅದಕ್ಕೇ ಈ ಹೆಸರು. ಸಾಲ್ಫರ್ಡ್ ಅಂದರೆ ಮ್ಯಾಂಚೆಸ್ಟರಿನ ಬಡಾವಣೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಸಾಲ್ಫರ್ಡ್‌ನವರ ಎದುರು ಹಾಗಂದು ನೋಡಿ! ನಡುವೆ ಇರ್ವೆಲ್ ನದಿ, ಅದು ಬೇರೆಯೇ ಊರು. ಚಾಪೆಲ್ ಸ್ಟ್ರೀಟ್ ಈಗಲೂ ಇದೆ, ಓಲ್ಡ್‌ಫೀಲ್ಡ್ ರೋಡೂ ಇದೆ. ಮ್ಯಾಗಿ ಮತ್ತು ವಿಲ್ಲಿ ಸ್ವಂತ ಅಂಗಡಿ ಶುರು ಮಾಡುವುದು ಓಲ್ಡ್‌ಫೀಲ್ಡ್ ರೋಡಿನ ಒಂದು ನೆಲಮಾಳಿಗೆಯಲ್ಲಿ. ಎರಡು ರಸ್ತೆಗೂ ನಡೆದು ಹೋಗುವಷ್ಟೇ ದೂರ. ಅಂದರೆ ಅಪ್ಪನ ಗಿರಾಕಿ ಮಗಳ ಅಂಗಡಿಗೆ ಬರೋಕೆ ಕುದುರೆ ಗಾಡಿಯೂ ಬೇಡ. ನಡೆದು ನೋಡಿದ ಮೇಲೇ ನನಗೆ ಅವಳ ಲೆಕ್ಕ ಅರ್ಥ ಆದದ್ದು. ವರ್ಷದೊಳಗೆ ಹಾಬ್ಸನ್‌ನ ಒಳ್ಳೆ ಬೂಟಿನ ವ್ಯಾಪಾರ ಪೂರ್ತಿ ಅವರ ಕಡೆ ಹೋಗಿ, ಇವನ ಕೆಲಸಗಾರರು ಮರದ ಅಟ್ಟೆಯ ಕ್ಲಾಗ್ ಮಾಡಿಕೊಂಡು ಕೂರಬೇಕಾಗುತ್ತದೆ.

ಪರದೆ_ಹಿಂದಿನವ
ಮ್ಯಾಂಚೆಸ್ಟರಿನವರು ಸಿಕ್ಕಿದ್ದೀರಿ, ಗೈಟಿ ಥಿಯೇಟರಿನ ಬಗ್ಗೆ ಬರೆಯಿರಿ. ಈ ನಾಟಕ ಮೊದಲು ಆಡಿದ್ದು ಅಲ್ಲೇ ಅಲ್ವಾ?

ಇರ್ವೆಲ್_ದಂಡೆ
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಇಲ್ಲ. ಮೊದಲ ಪ್ರದರ್ಶನ ನ್ಯೂಯಾರ್ಕಿನ ಪ್ರಿನ್ಸೆಸ್ ಥಿಯೇಟರಿನಲ್ಲಿ, 1915ರ ನವೆಂಬರ್ 2ಕ್ಕೆ. ಇಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಲಂಡನ್ನಿನ ಅಪೊಲೊಗೆ ಬಂದದ್ದು 1916ರ ಜೂನಿನಲ್ಲಿ, 246 ಪ್ರದರ್ಶನ ಆಯಿತು.

ಆದರೆ ಗೈಟಿ ಇಲ್ಲದಿದ್ದರೆ ಬ್ರಿಗ್‌ಹೌಸ್ ಬರೆಯುತ್ತಿದ್ದನೋ ಇಲ್ಲವೋ. ಆನಿ ಹಾರ್ನಿಮನ್ ಅಂತ ಒಬ್ಬಾಕೆ, ಹಾರ್ನಿಮನ್ ಟೀ ಕುಟುಂಬದವಳು. ಆ ಟೀ ದುಡ್ಡಲ್ಲಿ ಮೊದಲು ಡಬ್ಲಿನ್ನಿನ ಆಬಿ ಥಿಯೇಟರಿಗೆ ನೆರವಾದಳು, ಆಮೇಲೆ ಮ್ಯಾಂಚೆಸ್ಟರಿನ ಗೈಟಿ ಕೊಂಡಳು. ಊರಿನ ಹುಡುಗರು ಊರಿನ ಮಾತಿನಲ್ಲಿ ಬರೆದ ನಾಟಕ ಆಡಿಸಿದಳು. ಸ್ಟಾನ್ಲಿ ಹೌಟನ್, ಅಲನ್ ಮಾಂಕ್‌ಹೌಸ್, ಬ್ರಿಗ್‌ಹೌಸ್ ಎಲ್ಲ ಆ ಬಳಗ. ಬ್ರಿಗ್‌ಹೌಸ್ ಹುಟ್ಟಿದ್ದು 1882ರಲ್ಲಿ, ಇಲ್ಲೇ ಪಕ್ಕದ ಎಕ್ಲ್ಸ್‌ನಲ್ಲಿ. ಬಟ್ಟೆ ವ್ಯಾಪಾರದ ಕೆಲಸದಲ್ಲಿದ್ದವನು, ಅದಕ್ಕೇ ಕೌಂಟರಿನ ಹಿಂದಿನ ಮಾತು ಅಷ್ಟು ಚೆನ್ನಾಗಿ ಬರುತ್ತದೆ. ಗೈಟಿ ಕಟ್ಟಡವನ್ನ 1959ರಲ್ಲಿ ಕೆಡವಿದರು.

ಅಂಗಡಿಮನೆ_ಮಗಳು
ಮನೆತನದ ವ್ಯಾಪಾರದ ಮೇಲೆ ಆ ಕಾಲದ ಇನ್ನೊಂದು ನಾಟಕ ಓದಿ ಮೂರು ದಿನ ನಿದ್ದೆ ಬರಲಿಲ್ಲ. ಗೀತಾ ಸೋವರ್ಬಿ ಬರೆದ 'ರುದರ್‌ಫರ್ಡ್ ಅಂಡ್ ಸನ್', 1912.

ಒಗ್ಗರಣೆ
ಗೀತಾ? ನಮ್ಮವರಾ?

ಅಂಗಡಿಮನೆ_ಮಗಳು
ಅಲ್ಲಪ್ಪ, ಇಂಗ್ಲಿಷ್ ಹೆಂಗಸು. ಗೇಟ್ಸ್‌ಹೆಡ್‌ನಲ್ಲಿ ಅವರ ಮನೆತನದ್ದೇ ಗಾಜಿನ ಕಾರ್ಖಾನೆ ಇತ್ತು. ನಾಟಕದಲ್ಲೂ ಗಾಜಿನ ಕಾರ್ಖಾನೆ. ಅಪ್ಪನಿಗೆ ಕಾರ್ಖಾನೆಯೇ ದೇವರು, ಮಕ್ಕಳೆಲ್ಲ ಅದಕ್ಕೆ ಸೌದೆ. ಮಗಳು ಜಾನೆಟ್ ಕೆಲಸಗಾರನೊಬ್ಬನನ್ನ ಪ್ರೀತಿಸುತ್ತಾಳೆ. ಇಬ್ಬರನ್ನೂ ಹೊರಗೆ ಹಾಕುತ್ತಾನೆ. ಆ ಕೆಲಸಗಾರನಿಗೆ ಹುಡುಗಿಗಿಂತ ಯಜಮಾನನ ಮೇಲಿನ ನಿಷ್ಠೆಯೇ ದೊಡ್ಡದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಲೀಕನ ಮಗಳು, ಕೆಲಸಗಾರ, ಹಟಮಾರಿ ಅಪ್ಪ. ಸಾಮಾನು ಎರಡರಲ್ಲೂ ಅದೇ. ಒಂದರಲ್ಲಿ ನಗು, ಒಂದರಲ್ಲಿ ನರಕ. ಬ್ರಿಗ್‌ಹೌಸ್ ನಗಿಸಿದ್ದಾನೆ ಅಂತ ಒಳಗಿನದು ಹಗುರ ಅಂದುಕೊಳ್ಳಬೇಡಿ.

ವಕೀಲರ_ಕೋಟು
ಇದಕ್ಕೆ ಸೇರಿಸಿ: ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ತಿ ಹಕ್ಕು ಕೊಟ್ಟ ಕಾನೂನು 1882ರದು. 1870ರ ಕಾನೂನು ದುಡಿದ ಹಣಕ್ಕೆ ಒಂದಿಷ್ಟು ರಕ್ಷಣೆ ಕೊಟ್ಟಿತ್ತು, ಅಷ್ಟೇ. ನಾಟಕ ನಡೆಯುವುದು 1880ರಲ್ಲಿ. ಹೊಸ ಅಂಗಡಿ ವಿಲ್ಲಿ ಹೆಸರಲ್ಲಿ ಇದೆ ಅನ್ನುವುದನ್ನ ಈ ಕಣ್ಣಿಂದ ಓದಿ.

ಹಳೇಸಿನಿಮಾ_ಪ್ರೇಮಿ
ಕೊನೆಗೆ ವಿಲ್ಲಿ ಮನೆ ಅಳಿಯ ಆಗಿಬಿಟ್ಟನಲ್ಲ, ಅದೊಂದು ಬೇಜಾರು.

ಪರದೆ_ಹಿಂದಿನವ
ಎಲ್ಲಿಯ ಮನೆ ಅಳಿಯ ಸ್ವಾಮಿ! ಇಲ್ಲಿ ಮಾವನೇ ಅಳಿಯನ ಮನೆ ಮಾವ ಆಗಿದ್ದಾನೆ. ಕುಡಿತದಿಂದ ಹಾಬ್ಸನ್ ಹಾಸಿಗೆ ಹಿಡಿಯುವ ಸ್ಥಿತಿ. ನೋಡಿಕೊಳ್ಳೋಕೆ ಯಾರಾದರೂ ಬೇಕು ಅಂತ ಡಾಕ್ಟರು ಹೇಳಿದ್ದಾರೆ. ಆಲಿಸ್, ವಿಕಿ ಇಬ್ಬರೂ ಜಾರಿಕೊಳ್ಳುತ್ತಾರೆ. ವಿಲ್ಲಿ ಬಂದು ಷರತ್ತು ಹಾಕುತ್ತಾನೆ. ವ್ಯಾಪಾರ ನನ್ನದು, ನೀವು ಹೆಸರಿಗೆ ಪಾಲುದಾರ, ಬಾಯಿ ಹಾಕುವ ಹಾಗಿಲ್ಲ. ಆಮೇಲೆ ಬೋರ್ಡಿನ ಮಾತು. ಮ್ಯಾಗಿ ಅನ್ನುತ್ತಾಳೆ 'ಹಾಬ್ಸನ್ ಅಂಡ್ ಮಾಸಪ್'. ವಿಲ್ಲಿ ಅನ್ನುತ್ತಾನೆ 'ಮಾಸಪ್ ಅಂಡ್ ಹಾಬ್ಸನ್', ಇಲ್ಲದಿದ್ದರೆ ಬೇಡವೇ ಬೇಡ. ತಾನು ಸ್ಲೇಟು ಹಿಡಿಸಿ ಅಕ್ಷರ ಕಲಿಸಿದವನು ತನ್ನ ಮಾತನ್ನೇ ಮೀರಿದ. ಮ್ಯಾಗಿ ಸೋತಳು. ಅಷ್ಟು ಖುಷಿಯಾಗಿ ಸೋತವರನ್ನ ನಾನು ರಂಗದ ಮೇಲೆ ಕಂಡಿಲ್ಲ.

ಜೋಳದ_ರೊಟ್ಟಿ
ಹಾಬ್ಸನ್ ಹೊರಗೆ ಹೋದ ಮೇಲೆ ವಿಲ್ಲಿ ನಡುಗುತ್ತಾನೆ ನೋಡಿದಿರಾ? ಅಷ್ಟು ಜೋರಾಗಿ ಮಾತಾಡಿದ್ದು ನಾನೇನಾ ಅಂತ ಅವನಿಗೇ ನಂಬಿಕೆ ಇಲ್ಲ. ಅಲ್ಲಿ ನಾನೂ ಸೋತೆ. ಒಲ್ಲದ ಮದುವೆ ಅಂದಿದ್ದೆ, ಅರ್ಧ ವಾಪಸ್ ತಗೊಂಡೆ. ಏಡಾಗೆ ಆದದ್ದು ಮಾತ್ರ ಅನ್ಯಾಯವೇ.

ಅಂಗಡಿಮನೆ_ಮಗಳು
ಉಂಗುರ! ಯಾರೂ ಉಂಗುರದ ಮಾತು ಎತ್ತಲಿಲ್ಲ. ಮದುವೆಗೆ ಮ್ಯಾಗಿ ಹಾಕಿಕೊಳ್ಳುವುದು ಅಂಗಡಿ ಸ್ಟಾಕಿನಿಂದ ತೆಗೆದ ಹಿತ್ತಾಳೆ ಉಂಗುರ. ತಂಗಿಯರು ಮೂಗು ಮುರಿಯುತ್ತಾರೆ. ವರ್ಷದ ಮೇಲೆ ಕೈಯಲ್ಲಿ ದುಡ್ಡು ಆದಾಗ ವಿಲ್ಲಿ ಚಿನ್ನದ್ದು ಕೊಡಿಸುತ್ತೇನೆ ಅನ್ನುತ್ತಾನೆ. ಕೊಡಿಸು, ಆದರೆ ಹಿತ್ತಾಳೆಯದು ಇಲ್ಲೇ ಇರುತ್ತದೆ ಅನ್ನುತ್ತಾಳೆ. ದೊಡ್ಡವರಾದಾಗ ಎಲ್ಲಿಂದ ಶುರು ಮಾಡಿದೆವು ಅಂತ ನೋಡಿಕೊಳ್ಳೋಕೆ.

ಮದುವೆಯ ರಾತ್ರಿ ಇನ್ನೊಂದು ಇದೆ. ಎಲ್ಲರೂ ಹೋದ ಮೇಲೆ ಮಿಸೆಸ್ ಹೆಪ್‌ವರ್ತ್ ಕಳಿಸಿದ ಹೂವಿನಲ್ಲಿ ಒಂದನ್ನ ಎತ್ತಿ ಬೈಬಲ್ಲಿನೊಳಗೆ ಒತ್ತಿಡೋಕೆ ತೆಗೆದಿಟ್ಟುಕೊಳ್ಳುತ್ತಾಳೆ. ಬಿಡಿಗಾಸು ಬಿಡದವಳು! ಅದಾದ ಮೇಲೆ ಅದೇ ಕೈಯಲ್ಲಿ ವಿಲ್ಲಿಯ ಕಿವಿ ಹಿಡಿದು ಮಲಗೋ ಕೋಣೆಗೆ ಕರೆದುಕೊಂಡು ಹೋಗುತ್ತಾಳೆ, ಅದು ಬೇರೆ ಮಾತು.

ರಂಗಹುಚ್ಚು
ಆಯಿತು, ನಾನು ಪಕ್ಷ ಬದಲಿಸಿದೆ. ಇನ್ನೊಂದು ತೊಂದರೆ ಇದೆ. ಇದನ್ನ ಕನ್ನಡಕ್ಕೆ ತರೋಣ ಅಂತ ಆಸೆ. ಹಕ್ಕಿನ ಗೊಡವೆ ಇದೆಯಾ? ಮತ್ತೆ ನಾಟಕದ ಕೊನೆಯ ಮಾತು ವಿಲ್ಲಿಯದು, 'ವೆಲ್, ಬೈ ಗಮ್!' ಅಂತ. ಲಂಕಾಷೈರ್ ಹಳ್ಳಿ ಉದ್ಗಾರ. ಅದಕ್ಕೆ ಕನ್ನಡದಲ್ಲಿ ಏನು?

ವಕೀಲರ_ಕೋಟು
ಬ್ರಿಗ್‌ಹೌಸ್ ತೀರಿಕೊಂಡದ್ದು 1958ರಲ್ಲಿ. ಭಾರತದಲ್ಲಿ ಲೇಖಕ ಸತ್ತ ಮೇಲೆ 60 ವರ್ಷ. ಅಂದರೆ 2018ಕ್ಕೇ ಮುಗಿಯಿತು, ಇಲ್ಲಿ ಧೈರ್ಯವಾಗಿ ಮಾಡಿ. ಬ್ರಿಟನ್ನಿನಲ್ಲಿ 70 ವರ್ಷ, ಹಾಗಾಗಿ ಇರ್ವೆಲ್ ದಂಡೆಯವರು 2028 ಮುಗಿಯುವ ತನಕ ಕೇಳಿಯೇ ಆಡಬೇಕು.

ಜೋಳದ_ರೊಟ್ಟಿ
'ಯಪ್ಪಾ ಶಿವನ!'

ಹಳೇಸಿನಿಮಾ_ಪ್ರೇಮಿ
'ಅಬ್ಬಬ್ಬಾ' ಸಾಕು.

ಪರದೆ_ಹಿಂದಿನವ
ಅಬ್ಬಬ್ಬಾದಲ್ಲಿ ಭಯ ಜಾಸ್ತಿ. ಇಲ್ಲಿ ತನ್ನ ಅದೃಷ್ಟವನ್ನ ತಾನೇ ನಂಬದ ಬೆರಗು ಬೇಕು. 'ಎಲಾ ಇವನ!' ಅಂತ ತನಗೆ ತಾನೇ ಅಂದುಕೊಂಡರೆ?

ಇರ್ವೆಲ್_ದಂಡೆ
ಹಾಗೇ ಬಿಡಿ, ಬೈ ಗಮ್ ಅಂತಲೇ. ಬೂಟು, ಬೆಲ್ಟು ಕನ್ನಡ ಆಗಿಲ್ವಾ?

ಒಗ್ಗರಣೆ
ಅಂಗಡಿಮನೆ ಅಕ್ಕ, ಕೇಳಬಾರದೇನೋ, ಆದರೂ ಕೇಳ್ತೀನಿ. ನಿಮ್ಮ ಅಂಗಡಿ ಬೋರ್ಡು ಈಗ ಏನಾಗಿದೆ?

ಅಂಗಡಿಮನೆ_ಮಗಳು
ಅದೇ ಬೋರ್ಡು, ಅದೇ 'ಅಂಡ್ ಸನ್ಸ್'. ಅಪ್ಪ ಇಲ್ಲ, ಅಂಗಡಿ ತಮ್ಮನದು. ಜಿಎಸ್‌ಟಿ ಬಂದ ವರ್ಷ ಒಂದು ರಾತ್ರಿ ಹತ್ತು ಗಂಟೆಗೆ ಫೋನು ಮಾಡಿದ. 'ಅಕ್ಕಾ, ಹಳೇ ಲೆಕ್ಕ ಒಂದೂ ತಾಳೆ ಆಗ್ತಿಲ್ಲ, ಒಂದು ವಾರ ಬಂದು ಕೂತ್ಕೋತೀಯಾ?' ಹೋದೆ. ಗಲ್ಲದ ಹಿಂದೆ ಅದೇ ಮರದ ಸ್ಟೂಲು, ಒಂದು ಕಾಲಿಗೆ ಕೊಟ್ಟಿದ್ದ ರಟ್ಟಿನ ತುಂಡೂ ಹಾಗೇ ಇತ್ತು. ಆರು ದಿನಕ್ಕೆ ಮುಗಿಸಿದೆ. ಹೊರಡುವಾಗ ಅವರದ್ದೇ ಬಿಲ್ ಪುಸ್ತಕ ತೆಗೆದು, ದಿನಕ್ಕೆ ಇಷ್ಟು ಅಂತ ಬರೆದು, ಹರಿದು ಅವನ ಕೈಗೆ ಕೊಟ್ಟೆ. ಎರಡು ಸಲ ಓದಿದ. ಮಾತಾಡಲಿಲ್ಲ. ಗಲ್ಲ ತೆಗೆದು ಎಣಿಸಿ ಕೊಟ್ಟ.

ಒಗ್ಗರಣೆ
ವೆಲ್, ಬೈ ಗಮ್!